ನೈರ್ಮಲ್ಯ ಸ್ವಯಂಸೇವಕರ ಮೊದಲ ಪಾಠ

ಸ್ಮರಣ ಸಂಚಿಕೆಗಾಗಿ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದ್ದರು. ಆ ಕೆಲಸಕ್ಕೆ ನನಗಿಂತ ಸಮರ್ಥರು ಅನೇಕರಿದ್ದಾರೆ. ಆದುದರಿಂದ ನಾನು ಎಂದಿನಂತೆ ಒಂದು ಪಾಠವನ್ನೇ ಬರೆಯಲು ಮನಸ್ಸು ಮಾಡಿದೆನು. ಇದಕ್ಕೆ ಕಾರಣವಾದುದು ಒಂದು ಪತ್ರ. ನನ್ನ ಕೈಯಲ್ಲಿ ಕಲಿತು ಈಗ ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು, ತಮ್ಮ ಮಗಳು ‘ಪೀಸ್ ಕೋರ್’ ಸಂಸ್ಥೆಯ ಸ್ವಯಂಸೇವಕಿಯಾಗಿ ಪನಾಮಾ ದೇಶಕ್ಕೆ ಹೊರಟಿರುವಳೆಂದೂ, ಅಲ್ಲಿನ ಆದಿವಾಸಿ ಹಳ್ಳಿಗಳಲ್ಲಿ ಶೌಚಾಲಯ ಹಾಗೂ ಕುಡಿಯುವ ನೀರಿನ ಕೆಲಸ ಮಾಡಲಿರುವಳೆಂದೂ ಬರೆದಿದ್ದರು. “ಗುರುಗಳೇ, ತಾಂಡಾದಲ್ಲಿ ನಮ್ಮ ಕೈಯಿಂದ ಗುಂಡಿ ತೋಡಿಸಿದವರು ತಾವು. ಅವಳಿಗೂ ನಾಲ್ಕು ಮಾತು ಹೇಳಬೇಕು” ಎಂದು ಕೇಳಿದ್ದರು. ತಾಂಡಾದ ಮಾತನ್ನು ಓದಿದೊಡನೆ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಕಾರಣವನ್ನು ಮುಂದೆ ಹೇಳುವೆನು.

ಪೀಸ್ ಕೋರ್ ಎಂಬುದು 1961ರಲ್ಲಿ ಅಧ್ಯಕ್ಷ ಕೆನಡಿಯವರು ಆರಂಭಿಸಿದ ಸಂಸ್ಥೆ. 1976ರವರೆಗೆ ಅದರ ಸ್ವಯಂಸೇವಕರು ನಮ್ಮ ದೇಶದಲ್ಲಿಯೂ ಕೆಲಸ ಮಾಡಿದ್ದಾರೆ. ಪನಾಮಾದಲ್ಲಿ ನೋಬೆ ಮತ್ತು ಬುಗ್ಲೆ ಎಂಬ ಆದಿವಾಸಿ ಜನಾಂಗಗಳಿವೆ. 1997ರಲ್ಲಿ ಅವರಿಗಾಗಿಯೇ ಒಂದು ಸ್ವಾಯತ್ತ ಪ್ರದೇಶ ರಚನೆಯಾಯಿತು. ನೋಬೆ ಹೆಂಗಸರು ಗಾಢ ಬಣ್ಣದ, ಪಟ್ಟಿ ಹೊಲಿದ ಉದ್ದನೆಯ ಅಂಗಿಗಳನ್ನು ತೊಡುತ್ತಾರೆ. ಚಿತ್ರವನ್ನು ಕಂಡಾಗ ನನಗೆ ನಮ್ಮ ಲಂಬಾಣಿ ತಾಯಂದಿರ ನೆನಪಾಯಿತು.

ಅಲ್ಲಿಗೆ ಹೋಗುವವರಿಗೆ ಮೊದಲು ಎರಡು ಮೂರು ತಿಂಗಳ ತರಬೇತಿಯುಂಟು. ಆ ಕಾಲದಲ್ಲಿ ಅವರು ಹಳ್ಳಿಯ ಕುಟುಂಬವೊಂದರ ಮನೆಯಲ್ಲಿಯೇ ಇದ್ದು, ಅವರು ಉಂಡುದನ್ನೇ ಉಣ್ಣಬೇಕು. ಸ್ಪ್ಯಾನಿಷ್ ಭಾಷೆಯನ್ನು ಕಲಿಯಬೇಕು. ನೋಬೆಯವರ ನಡುವೆ ಕೆಲಸ ಮಾಡುವವರಿಗೆ ಅದೊಂದೇ ಸಾಲದು, ಅವರ ಮನೆಮಾತೂ ಬೇಕು. ಗುಡ್ಡದ ಊಟೆಯಿಂದ ಕೊಳವೆಯ ಮೂಲಕ ನೀರನ್ನು ಇಳಿಸುವುದು, ಸಿಮೆಂಟ್ ಕಲಸುವುದು ಇವೆಲ್ಲವೂ ಪಾಠದಲ್ಲಿವೆ. ಆದರೆ ಹಳ್ಳಿಗೆ ಹೋದ ಮೊದಲ ತಿಂಗಳುಗಳಲ್ಲಿ ಕಟ್ಟಡಕ್ಕೆ ಕೈಹಾಕದೆ, ಮನೆಮನೆಗೆ ಹೋಗಿ ಕುಳಿತು ಮಾತನಾಡುವುದೇ ಕೆಲಸ. ಇದನ್ನು ಓದಿ ಕೆಲವರಿಗೆ ಕಾಲಹರಣವೆನಿಸಬಹುದು. ನನಗೂ ಹಿಂದೆ ಹಾಗೆಯೇ ಅನಿಸುತ್ತಿತ್ತು.

ಇದಕ್ಕೆ ನಮ್ಮವರದೇ ಒಂದು ದೃಷ್ಟಾಂತವಿದೆ. 1917ರಲ್ಲಿ ಗಾಂಧೀಜಿಯವರು ಬಿಹಾರದ ಚಂಪಾರಣ್ಯದಲ್ಲಿ ಶಾಲೆಗಳನ್ನು ತೆರೆದು, ಅಕ್ಷರದೊಡನೆ ಗ್ರಾಮನೈರ್ಮಲ್ಯವನ್ನೂ ಕಲಿಸಲು ಪರಪ್ರಾಂತಗಳಿಂದ ಸ್ವಯಂಸೇವಕರನ್ನು ಕರೆಸಿದರು. ಹಾಗೆ ಹೋದವರಲ್ಲಿ ಬೆಳಗಾವಿಯ ಸೋಮಣ ಮತ್ತು ಪುಂಡಲೀಕ ಕಾತಗಡೆಯವರೂ ಇದ್ದರು. ವೈದ್ಯರಾದ ಡಾ. ದೇವ್ ಅವರ ಬಳಿ ಇದ್ದ ಔಷಧಗಳು ಮೂರೇ: ಹರಳೆಣ್ಣೆ, ಕ್ವಿನೈನ್ ಮತ್ತು ಗಂಧಕದ ಮುಲಾಮು. ಭಿತಿಹರ್ವಾ ಗ್ರಾಮದ ಹತ್ತಿರ ಕೆಲವು ಹೆಂಗಸರ ಬಟ್ಟೆಗಳು ಬಹಳ ಕೊಳೆಯಾಗಿರುವುದನ್ನು ಕಂಡ ಗಾಂಧೀಜಿಯವರು, ಏಕೆ ಒಗೆಯುವುದಿಲ್ಲವೆಂದು ಕೇಳುವಂತೆ ಕಸ್ತೂರಬಾ ಅವರಿಗೆ ಹೇಳಿದರು. ಆಗ ಒಬ್ಬಾಕೆ ಅವರನ್ನು ತನ್ನ ಗುಡಿಸಿಲೊಳಗೆ ಕರೆದೊಯ್ದು, ಉಟ್ಟ ಸೀರೆಯ ಹೊರತು ತನಗೆ ಬೇರೆ ಸೀರೆಯೇ ಇಲ್ಲವೆಂಬುದನ್ನು ತೋರಿಸಿದಳು. ಸಾಬೂನಿನ ಮಹತ್ವವನ್ನು ಅವಳಿಗೆ ಬೋಧಿಸಿ ಏನು ಪ್ರಯೋಜನವಾಗುತ್ತಿತ್ತು?

ಈಗ ನಮ್ಮ ತಾಂಡಾದ ಸಂಗತಿ. ಸುಮಾರು ಮೂವತ್ತು ವರ್ಷಗಳ ಹಿಂದೆ, ಹತ್ತನೆಯ ತರಗತಿಯ ಹುಡುಗರನ್ನು ಕರೆದುಕೊಂಡು ಹೋಗಿ ಅನಂತಗಿರಿ ಗುಡ್ಡದ ಕಡೆಯ ಒಂದು ತಾಂಡಾದಲ್ಲಿ ಹನ್ನೆರಡು ಮನೆಗಳಿಗೆ ಸಂಡಾಸ ಕಟ್ಟಿಸಿದೆನು. ಹುಡುಗರು ಅಂಗೈ ಬೊಬ್ಬೆ ಬರುವಂತೆ ದುಡಿದರು. ತಾಂಡೂರಿನಿಂದ ಬೇಸಿನ್‌ಗಳನ್ನು ತಂದವನು ನಾನೇ. ನೋಡಲು ಚೆನ್ನಾಗಿವೆಯೆಂದು ಪಟ್ಟಣದ ಮನೆಗಳಿಗೆ ಹಾಕುವ ಚಪ್ಪಟೆಯವನ್ನೇ ಆರಿಸಿದ್ದೆನು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಹನ್ನೊಂದರಲ್ಲಿ ಸೌದೆ ಮತ್ತು ಕುಳ್ಳು ತುಂಬಿದ್ದವು, ಒಂದರಲ್ಲಿ ಮೇಕೆಮರಿ ಕಟ್ಟಿದ್ದರು. ನಾನು ಸಿಟ್ಟಿನಿಂದ ಮಾತನಾಡಿದೆನು. ವಯಸ್ಸಾದ ತಾಯಿಯೊಬ್ಬಳು ತಲೆಯ ಮೇಲಿನ ಕೊಡವನ್ನು ಇಳಿಸಿ, “ಸಾರ್, ಕುಡ್ಯೋ ನೀರಿಗೇ ಅರ್ಧ ದಿನ ಹೋಗ್ತದ. ನಿಮ್ಮ ಸಂಡಾಸಿಗಿ ಯಾರು ತರ್ತಾರ?” ಎಂದಳು. ಆ ಬೇಸಿನ್ನಿಗೆ ಪ್ರತಿಸಲವೂ ಒಂದು ಬಕೆಟ್ ನೀರು ಬೇಕಾಗುತ್ತಿತ್ತು. ನೀರು ಹೊರುವವರು ಹೆಂಗಸರು. ನಾವು ಮಾತನಾಡಿದ್ದು ಗಂಡಸರೊಡನೆ, ಅದೂ ತೆಲುಗಿನಲ್ಲಿ. 1956ರಲ್ಲಿ ತಾಂಡೂರು ಗುಲಬರ್ಗಾ ಜಿಲ್ಲೆಯಿಂದ, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಿಂದ ಬೇರೆಯಾದ ಮೇಲೆ, ನಮ್ಮ ಭಾಷೆಯನ್ನು ಯಾರೂ ಕೇಳುವುದಿಲ್ಲವೆಂದು ನಾವು ಕೊರಗುತ್ತ ಬಂದವರು. ಲಂಬಾಣಿಯಲ್ಲಿ ಹತ್ತು ಮಾತು ಕಲಿಯಬೇಕೆಂದು ನನಗೇ ತೋಚಲಿಲ್ಲ.

ತಾಂತ್ರಿಕ ವಿಷಯವನ್ನೂ ಹೇಳಬೇಕು. ಹಳ್ಳಿಗೆ ಯೋಗ್ಯವಾದ ಬೇಸಿನ್ ಕಡಿದಾದ ಇಳಿಜಾರಿನದು. ಒಂದೂವರೆ ಎರಡು ಲೀಟರ್ ನೀರು ಸಾಕು. ಅದರ ಕೆಳಗಿನ ಬಾಗಿದ ಕೊಳವೆಯಲ್ಲಿ 20 ಮಿಲಿಮೀಟರ್ ನೀರು ನಿಂತು ದುರ್ವಾಸನೆಯನ್ನು ತಡೆಯುತ್ತದೆ. ಹಿಂದೆ ಎರಡು ಗುಂಡಿಗಳು, ಸುಮಾರು ಒಂದೊಂದು ಮೀಟರ್ ಅಗಲ ಮತ್ತು ಆಳ, ನಡುವೆ ಒಂದು ಮೀಟರ್ ಅಂತರ. ಒಳಸುತ್ತಿನ ಇಟ್ಟಿಗೆಗಳ ನಡುವೆ ಸಂದು ಬಿಟ್ಟರೆ ನೀರು ಮಣ್ಣಿಗೆ ಇಂಗುತ್ತದೆ. ನಮ್ಮ ಎರೆಭೂಮಿಯಲ್ಲಿ ಬೇಗ ಇಂಗದು. ಆದುದರಿಂದ ಹೊರಸುತ್ತಿಗೆ ಒಂದಡಿಯಷ್ಟು ಮರಳು, ಇಟ್ಟಿಗೆಚೂರು ತುಂಬಬೇಕು. ಒಂದು ಗುಂಡಿ ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಪನಾಮಾದ ಕರಾವಳಿಯಲ್ಲಿ ಮಳೆ ವಿಪರೀತ, ತೋಡಿದ ಗುಂಡಿಯಲ್ಲಿ ನೀರೇ ಏಳುತ್ತದೆ. ಅಂತಹ ಕಡೆ ನೆಲದ ಮೇಲೆಯೇ ಎರಡು ಕೋಣೆ ಕಟ್ಟಿ, ಮೂತ್ರವನ್ನು ಬೇರೆ ಹರಿಸಿ, ಪ್ರತಿಸಲವೂ ಬೂದಿ ಅಥವಾ ಮರದ ಹೊಟ್ಟು ಹಾಕುತ್ತಾರೆ. ಇಲ್ಲಿನ ನಕ್ಷೆಯನ್ನು ಅಲ್ಲಿಗೆ ಕಳುಹಿಸಿ ಫಲವಿಲ್ಲ.

ನಮ್ಮಲ್ಲಿ ಇನ್ನೊಂದು ಮುಳ್ಳಿದೆ. ಗುಂಡಿ ತುಂಬಿದರೆ ತೆಗೆಯುವವರು ಯಾರು ಎಂಬ ಪ್ರಶ್ನೆಯ ಹಿಂದೆ ಜಾತಿ ಅಡಗಿದೆ. ಮಲ ಹೊರಿಸುವುದನ್ನು 1993ರಲ್ಲಿಯೂ, ಇನ್ನಷ್ಟು ಬಿಗಿಯಾಗಿ 2013ರಲ್ಲಿಯೂ ಕಾಯಿದೆ ನಿಷೇಧಿಸಿತು; ಮನಸ್ಸಿನೊಳಗಿನ ಅಂಜಿಕೆ ಹೋಗಲಿಲ್ಲ. 2017ರ ಫೆಬ್ರವರಿಯಲ್ಲಿ ವರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ, ಕೇಂದ್ರ ನೈರ್ಮಲ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಅವರು ಹಲವು ರಾಜ್ಯಗಳ ಅಧಿಕಾರಿಗಳೊಡನೆ ಇಂತಹ ಗುಂಡಿಗೆ ತಾವೇ ಇಳಿದು ಗೊಬ್ಬರವನ್ನು ಎತ್ತಿದರು. ಒಂದು ದಿನದ ಪ್ರದರ್ಶನವೆಂದು ನಕ್ಕವರುಂಟು. ನಾನು ನಗಲಿಲ್ಲ.

ಆ ಹುಡುಗಿಗೆ ಇವೆಲ್ಲವನ್ನೂ ಬರೆದು ಕಳುಹಿಸಿದೆನು, ಸೌದೆ ತುಂಬಿದ ಹನ್ನೊಂದು ಸಂಡಾಸಗಳ ಕಥೆಯನ್ನು ಮಾತ್ರ ಸವಿಸ್ತಾರವಾಗಿ. ನಮ್ಮ ಮನೆಯ ಹಿತ್ತಿಲಿನ ಒಂದು ಗುಂಡಿಯೂ ತುಂಬಿ, ಮುಚ್ಚಿದ ತಾಂಡೂರು ಪರ್ಸಿಯ ಮೇಲೆ ತಾರೀಖು ಬರೆಸಿಟ್ಟಿದ್ದೇನೆ. ಬರುವ ಚೈತ್ರಕ್ಕೆ ಎರಡು ವರ್ಷ ತುಂಬುತ್ತದೆ. ತೆಗೆಯಲು ಯಾರನ್ನು ಕರೆಸಬೇಕೆಂದು ಮನೆಯವರು ಈಗಾಗಲೇ ಕೇಳಿಯಾಯಿತು. ಸಲಿಕೆ ನನ್ನದೇ. ಹಳೆಯ ವಿದ್ಯಾರ್ಥಿಗಳಲ್ಲಿ ಬರಬಯಸುವವರು ಬರಬಹುದು. ಗೊಬ್ಬರವನ್ನು ನುಗ್ಗೆಯ ಗಿಡಕ್ಕೆ ಹಾಕುವುದೆಂದು ನಿಶ್ಚಯಿಸಿದ್ದೇನೆ.