ಶಿಶುಶಿಕ್ಷಣಕ್ಕೆ ಸರಕಾರದ ವೆಚ್ಚ: ಸ್ವೀಡನ್ ಮತ್ತು ಅಮೆರಿಕ

ಮನೆ ನೋಡಲು ಬಂದವರ ಕಣ್ಣಿಗೆ ತಳಪಾಯ ಕಾಣುವುದಿಲ್ಲ. ಶಿಶುಶಿಕ್ಷಣದ ವೆಚ್ಚವೂ ಹಾಗೆಯೇ. ಕಾಲೇಜಿನ ಕಟ್ಟಡ ಎಲ್ಲರಿಗೂ ಕಾಣುತ್ತದೆ. ಮೂರು ವರ್ಷದ ಮಗುವಿಗೆ ಕಥೆ ಹೇಳುವ ಶಿಕ್ಷಕಿಯ ಸಂಬಳವನ್ನು ಗಮನಿಸುವವರು ವಿರಳ. ಆದುದರಿಂದಲೇ ಶಾಲೆಗೆ ಸೇರುವ ಮುನ್ನಿನ ಮಕ್ಕಳಿಗಾಗಿ ಸರಕಾರ ಮಾಡುವ ವೆಚ್ಚದಿಂದ ಒಂದು ನಾಡಿನ ಮನಸ್ಸು ತಿಳಿಯುತ್ತದೆ. ಈ ದೃಷ್ಟಿಯಿಂದ ಸ್ವೀಡನ್ ಮತ್ತು ಅಮೆರಿಕಗಳ ಹೋಲಿಕೆ ಬೋಧಪ್ರದವಾಗಿದೆ.

ಎರಡೂ ಸಿರಿವಂತ ರಾಷ್ಟ್ರಗಳು. ಆದರೆ ಒಂದರ ಜನಸಂಖ್ಯೆ ಸುಮಾರು ೧ ಕೋಟಿ, ಇನ್ನೊಂದರದು ೩೩ ಕೋಟಿಗೂ ಮಿಗಿಲು. ಒಟ್ಟು ಮೊತ್ತಗಳನ್ನು ಎದುರುಬದುರು ಇಡುವುದು ಸರಿಯಲ್ಲ; ರಾಷ್ಟ್ರೀಯ ಉತ್ಪನ್ನದಲ್ಲಿ ಈ ವೆಚ್ಚದ ಪಾಲನ್ನು ನೋಡಬೇಕು. ಆ ಉತ್ಪನ್ನವನ್ನು ನೂರು ರೂಪಾಯಿ ಎಂದಿಟ್ಟುಕೊಂಡರೆ, ಸ್ವೀಡನ್ ಸುಮಾರು ಒಂದೂವರೆ ರೂಪಾಯಿಯನ್ನು ಈ ಮಕ್ಕಳಿಗೆ ವಿನಿಯೋಗಿಸುತ್ತದೆ. ಅಮೆರಿಕದಲ್ಲಿ ಅದು ಎಂಟಾಣೆಯನ್ನೂ ಮುಟ್ಟುವುದಿಲ್ಲ.

ಈ ಅಂತರದ ಮೂಲ ಇತಿಹಾಸದಲ್ಲಿದೆ. ಸ್ವೀಡನ್ನಿನ ೧೯೭೫ರ ಕಾನೂನು ಆರು ವರ್ಷದ ಎಲ್ಲ ಮಕ್ಕಳಿಗೂ ಶಿಶುಶಾಲೆಯಲ್ಲಿ ಸ್ಥಳ ಒದಗಿಸುವ ಹೊಣೆಯನ್ನು ಪುರಸಭೆಗಳಿಗೆ ವಹಿಸಿತು. ಮುಂದೆ ಈ ಹೊಣೆ ದುಡಿಯುವ ತಂದೆತಾಯಿಗಳ ಒಂದು ವರ್ಷದ ಮಗುವಿನವರೆಗೂ ವಿಸ್ತರಿಸಿತು. ೧೯೯೬ರಲ್ಲಿ ಶಿಶುಶಾಲೆಗಳು ಸಮಾಜ ಕಲ್ಯಾಣ ಖಾತೆಯಿಂದ ಶಿಕ್ಷಣ ಖಾತೆಗೆ ಬಂದವು. ೧೯೯೮ರಲ್ಲಿ ಅವುಗಳಿಗೆ ರಾಷ್ಟ್ರೀಯ ಪಠ್ಯಕ್ರಮ ದೊರೆಯಿತು. ೨೦೦೨ರಿಂದ ಶುಲ್ಕಕ್ಕೆ ಮಿತಿ ಬಂದಿತು: ಮೊದಲ ಮಗುವಿಗೆ ಮನೆಯ ಆದಾಯದ ನೂರಕ್ಕೆ ೩ರಷ್ಟು, ಅದಕ್ಕೂ ಒಂದು ಗರಿಷ್ಠ ಮೊತ್ತ. ಉಳಿದುದನ್ನು ತೆರಿಗೆಯ ಹಣ ಭರಿಸುತ್ತದೆ.

ಅಮೆರಿಕದಲ್ಲಿ ೧೯೬೫ರಲ್ಲಿ ಅಧ್ಯಕ್ಷ ಜಾನ್ಸನ್ನರ ಕಾಲದಲ್ಲಿ 'ಹೆಡ್ ಸ್ಟಾರ್ಟ್' ಯೋಜನೆ ಆರಂಭವಾಯಿತು. ಊಟ, ಆರೋಗ್ಯ ತಪಾಸಣೆ, ಪಾಠಗಳನ್ನು ಒಂದುಗೂಡಿಸಿದ ಶ್ಲಾಘ್ಯ ಯೋಜನೆಯಿದು. ಆದರೆ ಇದು ಮುಖ್ಯವಾಗಿ ಬಡವರಿಗಾಗಿ. ಅರ್ಹರೆಲ್ಲರಿಗೂ ಸ್ಥಳ ಸಿಗುವುದಿಲ್ಲ. ೧೯೭೧ರಲ್ಲಿ ಎಲ್ಲ ವರ್ಗಗಳ ಮಕ್ಕಳಿಗೂ ತೆರೆದಿರುವ ವ್ಯಾಪಕ ವ್ಯವಸ್ಥೆಯ ಮಸೂದೆಯನ್ನು ಅಲ್ಲಿಯ ಸಂಸತ್ತು ಅಂಗೀಕರಿಸಿದರೂ, ಅದು ಕುಟುಂಬದ ಸ್ಥಾನವನ್ನು ದುರ್ಬಲಗೊಳಿಸುವುದೆಂದು ಅಧ್ಯಕ್ಷ ನಿಕ್ಸನ್ ತಿರಸ್ಕರಿಸಿದರು. ೧೯೯೮ರಲ್ಲಿ ನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಶಾಲೆಯ ಬಾಗಿಲು ತೆರೆದ ಒಕ್ಲಹೋಮದಂತಹ ರಾಜ್ಯಗಳೂ ಅಲ್ಲಿವೆಯೆಂಬುದನ್ನು ಮರೆಯಲಾಗದು.

ವಿಚಿತ್ರವೆಂದರೆ, ಶಿಶುಶಿಕ್ಷಣದ ಫಲಕ್ಕೆ ಹೆಸರಾಂತ ಸಾಕ್ಷ್ಯ ದೊರೆತದ್ದು ಅಮೆರಿಕದಲ್ಲಿಯೇ. ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ ೧೯೬೨ರಲ್ಲಿ ಪ್ರಾರಂಭವಾದ ಪೆರಿ ಶಿಶುಶಾಲೆಯ ಅಧ್ಯಯನವು ೧೨೩ ಬಡ ಮಕ್ಕಳನ್ನು ನಲವತ್ತರ ವಯಸ್ಸಿನವರೆಗೂ ಹಿಂಬಾಲಿಸಿತು. ಶಿಶುಶಾಲೆಗೆ ಹೋದವರ ಗಳಿಕೆ ಉಳಿದವರಿಗಿಂತ ಹೆಚ್ಚಾಗಿತ್ತು. ಅಪರಾಧಕ್ಕೆ ಸಿಲುಕಿದವರು ಕಡಿಮೆಯಾಗಿದ್ದರು. ನುಡಿ ಒಂದು ನಾಡಿನಲ್ಲಿ, ನಡೆ ಇನ್ನೊಂದು ನಾಡಿನಲ್ಲಿ ಎನ್ನುವಂತಾಯಿತು.

ಸರಕಾರ ವೆಚ್ಚ ಮಾಡದಿದ್ದರೆ ಆ ವೆಚ್ಚ ಇಲ್ಲವಾಗುವುದಿಲ್ಲ. ಅದು ತಾಯಿ ಬಿಟ್ಟ ಉದ್ಯೋಗವಾಗಿ, ತಂದೆ ತೆರುವ ಭಾರಿ ಶುಲ್ಕವಾಗಿ, ಶಿಕ್ಷಕಿಯ ಅಲ್ಪ ವೇತನವಾಗಿ ಬೇರೆಯವರ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ನಾಡಿಗೂ ಈ ಮಾತು ಅನ್ವಯಿಸುತ್ತದೆ. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅವುಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಇಂದು ದೇಶದಲ್ಲಿ ಸುಮಾರು ೧೪ ಲಕ್ಷ ಅಂಗನವಾಡಿಗಳಿವೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ವರ್ಷದಿಂದಲೇ ಶಿಕ್ಷಣದ ಲೆಕ್ಕ ಹಿಡಿಯುತ್ತದೆ. ಆದರೂ ಅಂಗನವಾಡಿ ಕಾರ್ಯಕರ್ತೆಗೆ ದೊರೆಯುವುದು ಸಂಬಳವಲ್ಲ, ಗೌರವಧನ.

ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಓದಿದವರಿಗೆ ಈ ಹೋಲಿಕೆಯ ತಿರುಳು ಬೇಗನೆ ಅರ್ಥವಾದೀತು. ಭಕ್ತರು ಶಕ್ತ್ಯನುಸಾರ ಕಾಣಿಕೆ ನೀಡುತ್ತಾರೆ. ಪಂಕ್ತಿ ಮಾತ್ರ ಎಲ್ಲರಿಗೂ ಒಂದೇ. ಬಡತನಕ್ಕೆ ಸಾಕ್ಷಿ ತಾರೆಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಸ್ವೀಡನ್ನಿನ ಪದ್ಧತಿ ಈ ದಾಸೋಹಕ್ಕೆ ಸಮೀಪವಾದುದು. ಅಮೆರಿಕದ್ದು ಅರ್ಹತೆ ನೋಡಿ ನೀಡುವ ದಾನಕ್ಕೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಲ್ಲ ನಾವು, ನಮ್ಮೂರಿನ ಅಂಗನವಾಡಿಯ ಬಾಗಿಲಿಗೆ ಒಮ್ಮೆ ಹೋಗಿ ಅಲ್ಲಿ ಯಾವುದು ನಡೆದಿದೆಯೆಂದು ನೋಡಬೇಕಾಗಿದೆ.