ತಡಸ ಸೀಮೆಯ ಹಿಂಗಾರಿಗೆ ಗೋಧಿಯ ತಳಿಯ ಆಯ್ಕೆ

ಶೀತದೇಶಗಳ ಒಕ್ಕಲಿಗನು ಗೋಧಿಯ ತಳಿಯನ್ನು ಆರಿಸಹೊರಟಾಗ ಮೊಟ್ಟಮೊದಲು ವಿಚಾರಿಸುವುದು, ಹಿಮದ ಹೊದಿಕೆಯ ಕೆಳಗೆ ತಿಂಗಳುಗಟ್ಟಲೆ ಬದುಕಿರುವ ತ್ರಾಣ ಅದಕ್ಕೆ ಉಂಟೇ ಎಂಬುದನ್ನು. 1874ರಲ್ಲಿ ರಷ್ಯ ಸಾಮ್ರಾಜ್ಯದ ದಕ್ಷಿಣ ಭಾಗದಿಂದ ಹೊರಟ ಮೆನೊನೈಟ್ ಪಂಥದ ಕುಟುಂಬಗಳು ಅಮೆರಿಕದ ಕ್ಯಾನ್ಸಾಸ್ ಬಯಲಿಗೆ ಒಯ್ದ 'ಟರ್ಕಿ ರೆಡ್' ಎಂಬ ಗೋಧಿಯು ಇಂಥ ತ್ರಾಣಕ್ಕಾಗಿಯೇ ಪ್ರಸಿದ್ಧವಾಯಿತು. ಈ ಜಾತಿಯ ಗೋಧಿಯು ಎಳೆಯದಾಗಿರುವಾಗ ಕೆಲವು ವಾರಗಳಾದರೂ ಕಡುಶೀತವನ್ನು ಅನುಭವಿಸಿದ ಹೊರತು ತೆನೆಗೆ ಬರುವುದಿಲ್ಲ. ಅದನ್ನು ತಂದು ಶಿಗ್ಗಾಂವಿ ತಾಲ್ಲೂಕಿನ ತಡಸದ ಹೊಲದಲ್ಲಿ ಬಿತ್ತಿದರೆ, ಹುಲ್ಲಿನಂತೆ ಹಸುರಾಗಿ ಹಬ್ಬಿಕೊಂಡಿದ್ದು, ತೆನೆಯ ಸುಳಿವನ್ನೇ ತೋರದೆ ಬೇಸಿಗೆಯಲ್ಲಿ ಒಣಗಿಹೋದೀತು.

ನಾವು ಚಳಿಗಾಲದಲ್ಲಿ ಬೆಳೆಯುವ ಗೋಧಿಗಳು ಶೀತದೇಶಗಳ ಲೆಕ್ಕದಲ್ಲಿ, ಕಡುಶೀತವನ್ನು ಬೇಡದ ವಸಂತದ ಗೋಧಿಗಳೇ. ನಮ್ಮ ಸೀಮೆಯಲ್ಲಿ ಚಳಿಯೆಂಬುದು ಸಂಕ್ರಾಂತಿ ಕಳೆಯುತ್ತಲೇ ಹೊರಟುನಿಲ್ಲುವ ಅವಸರದ ನೆಂಟ. ಮರಿಯೊಡೆಯುವುದು, ತೆನೆಬಿಡುವುದು, ಹಾಲುಗಟ್ಟುವುದು ಇವೆಲ್ಲವನ್ನೂ ಆ ನೆಂಟನು ಇರುವಷ್ಟರಲ್ಲಿಯೇ ಮುಗಿಸಿಕೊಳ್ಳಬಲ್ಲ ತಳಿಯೇ ಇಲ್ಲಿ ಗಟ್ಟಿ ತಳಿ. ಕಾಳು ತುಂಬುವ ಹೊತ್ತಿಗೆ ಹಗಲಿನ ಉಷ್ಣತೆ 30 ಡಿಗ್ರಿಯನ್ನು ಮೀರಿತೆಂದರೆ, ಪೈರು ಅಕಾಲದಲ್ಲಿ ಹಣ್ಣಾಗಿ ಕಾಳು ಸೊರಗುತ್ತದೆ. ಆದುದರಿಂದ ನೂರರಿಂದ ನೂರಹತ್ತು ದಿನಗಳೊಳಗೆ ಕೊಯ್ಲಿಗೆ ಬಾರದ ತಳಿಯನ್ನು, ಅದರ ತೆನೆ ಎಷ್ಟೇ ನೀಳವಾಗಿರಲಿ, ದೂರವಿಡುವುದೇ ವಿವೇಕ.

ತಡಸದ ನೆಲೆಯೂ ವಿಚಿತ್ರವಾದುದು. ಪಶ್ಚಿಮಕ್ಕೆ ಮುಂಡಗೋಡದ ದಾರಿ ಹಿಡಿದರೆ ಮಲೆನಾಡಿನ ಸೆರಗು ಕಾಣುತ್ತದೆ. ಪೂರ್ವಕ್ಕೆ ಸವಣೂರಿನ ಕಡೆ ಸರಿದಂತೆ ಮಳೆ ಕಡಿಮೆಯಾಗಿ ಎರೆಭೂಮಿ ತೆರೆದುಕೊಳ್ಳುತ್ತದೆ. ಹಾನಗಲ್ಲ, ಹಿರೇಕೆರೂರುಗಳಲ್ಲಿ ಭತ್ತ, ಗೋವಿನಜೋಳಗಳದೇ ಪ್ರಾಬಲ್ಯ. ಹೀಗಿರುವಲ್ಲಿ ಇಡೀ ಸೀಮೆಗೆ ಒಂದೇ ತಳಿಯನ್ನು ಹೇಳುವವನ ಮಾತನ್ನು ನಂಬತಕ್ಕದ್ದಲ್ಲ.

ಮಳೆಯಾಶ್ರಿತ ಎರೆಹೊಲವನ್ನೇ ಮೊದಲು ತೆಗೆದುಕೊಳ್ಳೋಣ. ಸೋಯಾ ಅಥವಾ ಹೆಸರು ತೆಗೆದ ಹೊಲವನ್ನು ಹರಗಿ, ಚಿತ್ತಿ ಮಳೆಯ ಹಸಿಯಲ್ಲಿ ಕೂರಿಗೆ ಹೂಡುವುದು ಇಲ್ಲಿಯ ಪದ್ಧತಿ. ಮೇಲ್ಮಣ್ಣು ಬೇಗ ಆರುವುದರಿಂದ ಹಸಿ ಸಿಕ್ಕುವವರೆಗೆ ಬೀಜವನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ಗಿಡ್ಡ ತಳಿಗಳ ದೋಷವು ಪ್ರಕಟವಾಗುವುದು ಇಲ್ಲಿಯೇ. 1960ರ ದಶಕದಲ್ಲಿ ಮೆಕ್ಸಿಕೋದಿಂದ ಬಂದ ಗಿಡ್ಡ ಗೋಧಿಗಳ ರಕ್ತವನ್ನು ಪಡೆದ ತಳಿಗಳಲ್ಲಿ ಪೈರು ಮಾತ್ರವಲ್ಲದೆ, ಮಣ್ಣನ್ನು ಸೀಳಿಕೊಂಡು ಮೇಲೇಳುವ ಮೊಳಕೆಯ ಕವಚವೂ ಮೊಟಕಾಗಿರುತ್ತದೆ. ಐದಾರು ಸೆಂಟಿಮೀಟರಿಗಿಂತ ಆಳಕ್ಕೆ ಬಿದ್ದ ಬೀಜವು ಬೆಳಕನ್ನು ಕಾಣುವ ಮೊದಲೇ ಬಸವಳಿಯುತ್ತದೆ. ಬಿಜಗಾ ಹಳದಿಯಂಥ ಎತ್ತರದ ಹಳೆಯ ತಳಿಗಳು ಎರೆನಾಡಿನಲ್ಲಿ ಬಹುಕಾಲ ಬಾಳಿದುದಕ್ಕೆ ಇದೂ ಒಂದು ಕಾರಣವಿದ್ದೀತು. ಅವನ್ನೇ ಹಿಡಿದು ಕೂರಬೇಕೆಂದು ನನ್ನ ಅಭಿಪ್ರಾಯವಲ್ಲ. ಗೊಬ್ಬರ ಹೆಚ್ಚಾದರೆ, ಗಾಳಿ ಬೀಸಿದರೆ, ಅವು ನೆಲಕ್ಕೆ ಒರಗುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಮಳೆಯಾಶ್ರಿತ ಬೇಸಾಯಕ್ಕೆಂದು ಹೊರತಂದ ಯುಎಎಸ್-375 ಎಂಬ ಚಪಾತಿ ಗೋಧಿಯನ್ನೂ, ಯುಎಎಸ್-446 ಎಂಬ ಡ್ಯೂರಮ್ ಗೋಧಿಯನ್ನೂ ಇಂಥ ಹೊಲಗಳಿಗೆ ಪರಿಶೀಲಿಸಬಹುದು. ಯಾವುದನ್ನು ಆರಿಸಿದರೂ, ಬೀಜ ಬೀಳುವ ಆಳವನ್ನು ಕೂರಿಗೆಯ ಹಿಂದೆ ಮಣ್ಣನ್ನು ಕೆದಕಿ ಕಣ್ಣಾರೆ ಕಾಣತಕ್ಕದ್ದು.

ಕೊಳವೆಬಾವಿ ಅಥವಾ ಕೆರೆಯ ನೀರು ಉಳ್ಳವರಿಗೆ ನವೆಂಬರಿನ ಮೊದಲ ಪಕ್ಷವೇ ಪ್ರಶಸ್ತ ಕಾಲ. ಡಿಡಬ್ಲ್ಯುಆರ್-162, ಯುಎಎಸ್-304 ಎಂಬ ಧಾರವಾಡದ ತಳಿಗಳು ಈ ವರ್ಗದವು. ಬಿತ್ತಿದ ಇಪ್ಪತ್ತೊಂದನೆಯ ದಿನದ ಹೊತ್ತಿಗೆ, ಮುಕುಟಬೇರು ಇಳಿಯುವ ಸಮಯದಲ್ಲಿ, ನೀರು ತಪ್ಪಿದರೆ ಅನಂತರ ಎಷ್ಟು ಹಾಯಿಸಿದರೂ ಆ ನಷ್ಟವು ತುಂಬಿಬಾರದು. ಗೋವಿನಜೋಳ ಕಟಾವು ತಡವಾಗಿ, ಬಿತ್ತನೆಯು ಡಿಸೆಂಬರಿಗೆ ಜಾರಿದಲ್ಲಿ ಎಚ್‌ಡಿ-2932ರಂಥ ತಡಬಿತ್ತನೆಯ ತಳಿಯನ್ನು ಹಿಡಿದು, ಮರಿಗಳು ಕಡಿಮೆಯಾಗುವುದರಿಂದ ಬೀಜದ ಪ್ರಮಾಣವನ್ನು ಎಕರೆಗೆ 40 ಕಿಲೋದಿಂದ 50 ಕಿಲೋಗೆ ಏರಿಸಬೇಕು. ಡಿಸೆಂಬರ್ ನಡುವನ್ನು ದಾಟಿತೆಂದರೆ ಗೋಧಿಯ ಆಸೆಯನ್ನೇ ಬಿಡುವುದು ಲೇಸು.

ಭಂಡಾರ ರೋಗವೆಂದು ನಮ್ಮ ರೈತರು ಕರೆಯುವ ತುಕ್ಕಿನ ವಿಷಯದಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. ಬಯಲುಸೀಮೆಯ ಬೇಸಿಗೆಯ ಉರಿಯಲ್ಲಿ ತುಕ್ಕಿನ ಧೂಳಿ ಬದುಕಲಾರದೆಂದೂ, ಅದು ಬೆಟ್ಟಗಳಲ್ಲಿ ಉಳಿದುಕೊಂಡು ಮರುವರ್ಷ ಕೆಳಗಿಳಿಯುವುದೆಂದೂ ಆಗ್ರಾದ ವಿಜ್ಞಾನಿ ಕೆ. ಸಿ. ಮೆಹ್ತಾ ಅವರು ದೀರ್ಘ ಪರಿಶ್ರಮದಿಂದ ತೋರಿಸಿಕೊಟ್ಟರು. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವರ್ಷವಿಡೀ ನೆಲೆಸಿರುವ ಕಾಂಡದ ತುಕ್ಕು ಮತ್ತು ಎಲೆಯ ತುಕ್ಕುಗಳು, ಬಂಗಾಳಕೊಲ್ಲಿಯಲ್ಲಿ ನವೆಂಬರಿನ ಸುಮಾರಿಗೆ ಏಳುವ ವಾಯುಭಾರ ಕುಸಿತದ ಗಾಳಿಯೊಡನೆ ಉತ್ತರಕ್ಕೆ ತೇಲಿಬಂದು, ಮಳೆಹನಿಯ ಜೊತೆಗೆ ನಮ್ಮ ಎಳೆಯ ಪೈರಿನ ಮೇಲೆ ಇಳಿಯುತ್ತವೆ. ಮಧ್ಯಭಾರತಕ್ಕೆ ಹೋಗುವ ರೋಗಕ್ಕೆ ನಮ್ಮ ಸೀಮೆಯೇ ಹೆಬ್ಬಾಗಿಲು. ಆದಕಾರಣ ತುಕ್ಕನ್ನು ತಾಳದ ತಳಿಯನ್ನು, ನೆರೆಯವರ ಹೊಲದಲ್ಲಿ ಒಂದು ವರ್ಷ ಚೆನ್ನಾಗಿ ಬಂದಿತೆಂಬ ಒಂದೇ ಕಾರಣಕ್ಕೆ ಬಿತ್ತಲಾಗದು. ಆ ವರ್ಷ ಗಾಳಿಯು ಬೇರೆ ದಿಕ್ಕಿಗೆ ಬೀಸಿರಬಹುದು. ಪಂಜಾಬಿನವರನ್ನು ಕಾಡುವ ಹಳದಿ ತುಕ್ಕು ತಂಪನ್ನು ಬಯಸುವುದರಿಂದ, ಅದರ ಭಯ ಮಾತ್ರ ನಮಗೆ ಅಷ್ಟಾಗಿ ಇಲ್ಲ.

ತುಕ್ಕನ್ನೂ ಬಿಸಿಲನ್ನೂ ಏಕಕಾಲದಲ್ಲಿ ತಾಳಿಕೊಳ್ಳುವ ಗುಣಕ್ಕೆ ಜವೆಗೋಧಿಯನ್ನು, ಎಂದರೆ ಸದಕವನ್ನು, ಮೀರಿಸುವುದು ಕಷ್ಟ. ಹುಗ್ಗಿ, ಮಾದಲಿಗಳ ರುಚಿಬಲ್ಲವರಿಗೆ ಅದರ ಪರಿಚಯ ಮಾಡಿಕೊಡಬೇಕಾದುದಿಲ್ಲ. ಒಕ್ಕಿದರೂ ಹೊಟ್ಟು ಬಿಡದಿರುವುದು ಅದರ ತೊಡಕು, ನೀಳವಾಗಿ ಬೆಳೆದು ಒರಗುವುದು ಇನ್ನೊಂದು. ಎರಡನೆಯದನ್ನು ಡಿಡಿಕೆ-1025, ಡಿಡಿಕೆ-1029ರಂಥ ಧಾರವಾಡದ ಅರೆಗಿಡ್ಡ ತಳಿಗಳು ಬಹುಮಟ್ಟಿಗೆ ನೀಗಿವೆ. ಹೊಟ್ಟು ಬಿಡಿಸುವ ಗಿರಣಿ ಸಮೀಪದಲ್ಲಿ ಇದೆಯೇ, ಕೊಳ್ಳುವವರು ಯಾರು ಎಂಬುದನ್ನು ಬಿತ್ತುವ ಮೊದಲೇ ವಿಚಾರಿಸಿಕೊಂಡವನಿಗೆ ಇದು ಲಾಭದ ಬೆಳೆ.

ಬೀಜವನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಧಾರವಾಡದಲ್ಲಿ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಪ್ರಮಾಣಿತ ಚೀಟಿಯುಳ್ಳದ್ದನ್ನೇ ಕೊಳ್ಳಬೇಕು. ಗೋಧಿಯು ಸ್ವಪರಾಗದ ಬೆಳೆಯಾದುದರಿಂದ, ತೆನೆ ಬಿಟ್ಟಾಗ ಬೆರಕೆಯ ಗಿಡಗಳನ್ನು ಕಿತ್ತು, ಬೇರೆಯಾಗಿ ಒಕ್ಕಿ, ಚೆನ್ನಾಗಿ ಒಣಗಿಸಿ ಇಟ್ಟುಕೊಂಡರೆ ಎರಡು ಮೂರು ವರ್ಷ ಅದೇ ಬೀಜ ಸಾಗುತ್ತದೆ. ಜವೆಯ ಬೀಜವನ್ನಂತೂ ಹೊಟ್ಟಿನೊಡನೆಯೇ ಇಡುವುದು ಮೇಲು, ಹುಳು ಅದನ್ನು ಬೇಗ ಮುಟ್ಟದು. ಹಾಗೆಯೇ ಬಿತ್ತುವುದಾದರೆ ಹೊಟ್ಟಿನ ತೂಕವನ್ನು ಲೆಕ್ಕಹಾಕಿ ಬೀಜವನ್ನು ಅಷ್ಟು ಹೆಚ್ಚಿಸಿಕೊಳ್ಳಬೇಕು.