ನಿಂತ ಮರದ ತೂಕವನ್ನು ಅಂದಾಜು ಮಾಡುವ ಕ್ರಮ

ಹೊಲದ ಬದುಗಳಲ್ಲಿಯೂ ತೋಟದ ಅಂಚಿನಲ್ಲಿಯೂ ಮರಗಳನ್ನು ಬೆಳೆಸಿರುವ ಜಮೀನುದಾರರು ಅವುಗಳನ್ನು ಮಾರುವಾಗ ಸಾಮಾನ್ಯವಾಗಿ ಕಣ್ಣಂದಾಜನ್ನೇ ನಂಬುವರು. ಕೊಳ್ಳುವ ವ್ಯಾಪಾರಿಯಾದರೋ ನೂರಾರು ಮರಗಳನ್ನು ಕಡಿಸಿ ತೂಗಿಸಿದವನು. ಮಾರುವವನು ಆಯುಸ್ಸಿನಲ್ಲಿ ನಾಲ್ಕಾರು ಸಲ ಮಾತ್ರ ಮಾರುವವನು. ಇಬ್ಬರ ಕಣ್ಣೂ ಒಂದೇ ಅಲ್ಲ. ಆದಕಾರಣ ಮರವನ್ನು ಕಡಿಯದೆಯೇ ಅದರ ತೂಕವನ್ನು ತಿಳಿಯುವ ಕ್ರಮವನ್ನು ಗ್ರಾಮದ ಮುಖಂಡರು ತಾವು ಕಲಿತು ಇತರರಿಗೂ ಕಲಿಸತಕ್ಕದ್ದು. ಇದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಕೋಲು.

ಬೆಂಗಳೂರಿಗೆ ಬಂದವರು ಮಲ್ಲೇಶ್ವರದ ಸಂಪಿಗೆ ರಸ್ತೆಯ ಸಾಲುಮರಗಳಲ್ಲಿ ಇದನ್ನು ಅಭ್ಯಾಸ ಮಾಡಬಹುದು. ಅದೇ ಬಡಾವಣೆಯ 18ನೆಯ ಅಡ್ಡರಸ್ತೆಯಲ್ಲಿ ಅರಣ್ಯ ಇಲಾಖೆಯ ಅರಣ್ಯ ಭವನವೂ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಶಾಲೆಯಾಗಿ ಆರಂಭವಾಗಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಸಂಸ್ಥೆಯೂ ಇವೆ.

ಮೊದಲು ಸುತ್ತಳತೆ. ನಮ್ಮ ದೇಶದಲ್ಲಿ ಇದನ್ನು ನೆಲದಿಂದ 1.37 ಮೀಟರು, ಅಂದರೆ ನಾಲ್ಕೂವರೆ ಅಡಿ, ಎತ್ತರದಲ್ಲಿ ಹಿಡಿಯುವುದು ರೂಢಿ. ಇದಕ್ಕೆ ಎದೆಮಟ್ಟವೆಂದು ಹೆಸರು. ಇಳಿಜಾರಿನಲ್ಲಿ ಮೇಲ್ಭಾಗದಲ್ಲಿ ನಿಂತು ಅಳೆಯಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಒಂದೊಂದು ಕವಲನ್ನೂ ಬೇರೆ ಮರವೆಂದೇ ಎಣಿಸತಕ್ಕದ್ದು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸವು ದೊರೆಯುವುದು.

ಎರಡನೆಯದು ಎತ್ತರ. ಬಯಲಿನಲ್ಲಿ ನೆರಳಿನಿಂದ ಅಳೆಯಬಹುದು. ಪೇಟೆಯ ಬೀದಿಯಲ್ಲಿ ನೆರಳು ಗೋಡೆಗಳ ಮೇಲೆ ಬೀಳುವುದರಿಂದ ಕೋಲೇ ಮೇಲು. ಕೈಯನ್ನು ನೇರವಾಗಿ ಚಾಚಿ ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮೇಲಿನ ಕೋಲಿನ ಉದ್ದವು ಮುಷ್ಟಿಯಿಂದ ಕಣ್ಣಿಗಿರುವ ದೂರಕ್ಕೆ ಸಮನಾಗಿರಲಿ. ಕೋಲಿನ ತುದಿಯು ಮರದ ತುದಿಗೂ, ಮುಷ್ಟಿಯು ಮರದ ಬುಡಕ್ಕೂ ಸರಿಯಾಗಿ ಕಾಣುವವರೆಗೆ ಹಿಂದೆ ಸರಿಯಿರಿ. ನೆಲವು ಸಮನಾಗಿದ್ದರೆ, ನೀವು ನಿಂತ ಸ್ಥಳದಿಂದ ಮರಕ್ಕಿರುವ ದೂರವೇ ಸುಮಾರಾಗಿ ಮರದ ಎತ್ತರವು.

ಮೂರನೆಯದು ಮರದ ಸಾಂದ್ರತೆ. ಇದು ಜಾತಿಯಿಂದ ಜಾತಿಗೆ ಬೇರೆ. ತಿಳಿಯದಿದ್ದಲ್ಲಿ ಹಸಿಯ ತುಂಡೊಂದನ್ನು ಅಂಚಿನವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯಿರಿ; ಆ ತುಂಡನ್ನು ಚೆನ್ನಾಗಿ ಒಣಗಿಸಿ ತೂಗಿರಿ. ಒಂದು ಲೀಟರು ನೀರು ಚೆಲ್ಲಿ, ಒಣಗಿದ ತುಂಡು 500 ಗ್ರಾಂ ತೂಗಿದರೆ ಸಾಂದ್ರತೆಯು 0.5. ಸಂಪಿಗೆಯದು ಸುಮಾರು ಇಷ್ಟೇ.

ಇನ್ನು ಲೆಕ್ಕ. ಸೆಂಟಿಮೀಟರಿನಲ್ಲಿ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮೀಟರಿನಲ್ಲಿ ಎತ್ತರದಿಂದಲೂ ಸಾಂದ್ರತೆಯಿಂದಲೂ ಗುಣಿಸಿ, 20ರಿಂದ ಭಾಗಿಸಿರಿ. ನೆಲದ ಮೇಲಿನ ಮರದ ಒಣ ತೂಕವು ಕಿಲೋಗ್ರಾಮಿನಲ್ಲಿ ಬರುವುದು. ಸಂಪಿಗೆ ಮರವೊಂದರ ಸುತ್ತಳತೆ 157 ಸೆಂಟಿಮೀಟರು, ಅಂದರೆ ವ್ಯಾಸ 50. ಎತ್ತರ 15 ಮೀಟರು ಎಂದು ಭಾವಿಸಿರಿ. 50 × 50 × 15 × 0.5 ಎಂದರೆ 18,750. ಇಪ್ಪತ್ತರಿಂದ ಭಾಗಿಸಿದರೆ ಸುಮಾರು 940 ಕಿಲೋಗ್ರಾಂ. ಜೆರೋಮ್ ಶಾವ್ ಮತ್ತು ಸಂಗಡಿಗರು ಉಷ್ಣವಲಯದ 27 ಸ್ಥಳಗಳಲ್ಲಿ ಕಡಿದು ತೂಗಿದ 2,410 ಮರಗಳಿಂದ 2005ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ತೇವದ ಕಾಡಿನದು ಈ ಮರಕ್ಕೆ 954 ಎಂದೂ, ಒಣ ಕಾಡಿನದು ಸುಮಾರು 920 ಎಂದೂ ಹೇಳುವುದು. ರೈತನ ವ್ಯವಹಾರಕ್ಕೆ ಇಪ್ಪತ್ತರ ಭಾಗಾಕಾರವೇ ಸಾಕು.

ವ್ಯಾಸವು ಎರಡು ಸಲ ಗುಣಿತವಾಗುವುದನ್ನು ಗಮನಿಸಿರಿ. ಎತ್ತರದಲ್ಲಿ ನೂರಕ್ಕೆ ಹತ್ತು ಹೆಚ್ಚಾಗಿ ಹಿಡಿದರೆ ತೂಕದಲ್ಲಿಯೂ ಹತ್ತೇ ಹೆಚ್ಚುವುದು. ಸುತ್ತಳತೆಯಲ್ಲಿ ಹತ್ತು ಹೆಚ್ಚಿದರೆ ತೂಕದಲ್ಲಿ 21 ಹೆಚ್ಚುವುದು. ಪಟ್ಟಿಯು ಸಡಿಲವಾಗಿಯೋ ಓರೆಯಾಗಿಯೋ ಇರಬಾರದು. ಮರದ ಮೇಲಿನ ಬಳ್ಳಿಯನ್ನು ತೆಗೆದೇ ಅಳೆಯತಕ್ಕದ್ದು.

ಈ ತೂಕವು ಒಣ ತೂಕವೆಂಬುದನ್ನು ಮಾತ್ರ ಮರೆಯಬಾರದು. ಹಸಿಮರದ ತೂಕದಲ್ಲಿ ಮೂರನೆಯ ಒಂದರಿಂದ ಅರ್ಧದವರೆಗೂ ನೀರೇ ಇರಬಹುದು. ಟನ್ನಿಗೆ ಇಷ್ಟೆಂದು ಮಾತಾಡುವಾಗ ಹಸಿಯೋ ಒಣಗಿದುದೋ ಎಂಬುದನ್ನು ಕರಾರಿನಲ್ಲಿ ಬರೆಯಿಸದಿದ್ದರೆ ಜಗಳವು ತಪ್ಪದು.

ದಿಮ್ಮಿಯನ್ನು ಘನ ಅಳತೆಯಿಂದ ಮಾರುವವರಿಗೂ ಒಂದು ಎಚ್ಚರಿಕೆ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವುದು ಮರದ ವ್ಯಾಪಾರದ ಹಳೆಯ ರೂಢಿ. ನಡುಮಟ್ಟದಲ್ಲಿ 140 ಸೆಂಟಿಮೀಟರು ಸುತ್ತಳತೆಯ, 4 ಮೀಟರು ಉದ್ದದ ದಿಮ್ಮಿಯು ಇದರಂತೆ 0.49 ಘನ ಮೀಟರು. ನಿಜವಾಗಿ ಅದು ಸುಮಾರು 0.62. ಚೌಕ ಮಾಡುವಾಗ ಹೋಗುವ ಹೊರಪಾಲಿಗಾಗಿ ಈ ಕಡಿತವೆನ್ನುವರು. ಹಾಗಿದ್ದಲ್ಲಿ ಅದೇ ದಿಮ್ಮಿಗೆ ತೊಗಟೆಯ ನೆಪದಿಂದ ಮತ್ತೊಮ್ಮೆ ಕಡಿತವನ್ನು ಒಪ್ಪಬೇಕಾದ ಕಾರಣವಿಲ್ಲ.

ಮೇಲಿನ ಸೂತ್ರವು ಕಾಡಿನ ಮರಗಳಿಂದ ಬಂದುದು. ಸಂಪಿಗೆ ರಸ್ತೆಯಂಥ ಬೀದಿಯಲ್ಲಿ ತಂತಿಗಳಿಗಾಗಿ ಕೊಂಬೆ ಸವರಿದ ಮರಕ್ಕೆ ಅದು ಹೆಚ್ಚು ತೂಕವನ್ನು ಹೇಳುವುದು. ಅಮೆರಿಕದ ನಗರಗಳ ಮರಗಳ ಲೆಕ್ಕದಲ್ಲಿ ಇದಕ್ಕಾಗಿ 0.8ರಿಂದ ಗುಣಿಸುವ ಪದ್ಧತಿಯುಂಟು. ಹಾಗೆ ಮಾಡಿದರೆ ನಮ್ಮ ಸಂಪಿಗೆಯು 750 ಕಿಲೋಗ್ರಾಮಿಗೆ ಇಳಿಯುವುದು. ಸೊಪ್ಪಿಗಾಗಿ ವರ್ಷವರ್ಷವೂ ಸವರುವ ಬದುವಿನ ಹೊಂಗೆ, ಬೇವುಗಳಿಗೂ ಇಂಥ ಕಡಿತವು ನ್ಯಾಯವಾದುದು. ಪೊಟರೆಬಿದ್ದ ಮರಕ್ಕೆ ಯಾವ ಸೂತ್ರವೂ ನಿಲ್ಲದು. ಅದನ್ನು ಕೊಡಲಿಯ ಹಿಂಬದಿಯಿಂದ ತಟ್ಟಿ ಸದ್ದನ್ನು ಕೇಳಿಯೇ ತಿಳಿಯಬೇಕು.

ಬೆಲೆ ಕುದುರಿದ ಮೇಲೂ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಂತೆ ವಿನಾಯಿತಿಯುಳ್ಳ ಜಾತಿಗಳನ್ನು ಬಿಟ್ಟು ಉಳಿದವನ್ನು ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯತಕ್ಕದ್ದಲ್ಲ. ಅರ್ಜಿಯೊಡನೆ ಪ್ರತಿ ಮರದ ಸುತ್ತಳತೆಯನ್ನೂ ಎತ್ತರವನ್ನೂ ಬರೆದ ಪಟ್ಟಿಯನ್ನು ಲಗತ್ತಿಸಿ, ಅದರ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ.